ಕೆಲಸ ಹೋಯ್ತು, ಮಾತು ಕೊಟ್ಟಿದ್ದ ಕಾಫಿ ಇನ್ನೂ ಒಣಗ್ತಾ ಇತ್ತು

2025ರ ಸಂಕ್ರಾಂತಿ ಮುಗಿದು ಎರಡು ದಿನ ಆಗಿತ್ತು ಅಷ್ಟೇ, ಅಮ್ಮ ಕಟ್ಟಿಕೊಟ್ಟಿದ್ದ ಎಳ್ಳುಬೆಲ್ಲದ ಡಬ್ಬಿ ಆಫೀಸಿನ ಕಪ್ಪಿಂಗ್ ಟೇಬಲ್, ಅಂದ್ರೆ ಕಾಫಿ ರುಚಿ ನೋಡೋ ಮೇಜಿನ ಪಕ್ಕದಲ್ಲೇ ಇತ್ತು, ಹನ್ನೊಂದೂವರೆಗೆ ಮೀಟಿಂಗ್ ರೂಮಿಗೆ ಕರೆದ್ರು, ಹನ್ನೊಂದು ಮುಕ್ಕಾಲಿಗೆ ನನ್ನ ಆರು ವರ್ಷದ ಕೆಲಸ ಮುಗಿದಿತ್ತು. ಲ್ಯಾಪ್‌ಟಾಪ್, ಐಡಿ ಕಾರ್ಡ್, ಗೋಡೌನ್ ಕೀ ಮೂರೂ ಕೊಟ್ಟೆ. ಹೊರಗೆ ಬಂದಾಗ ಆವತ್ತಿನ ಬೆಳಗಿನ ಬ್ಯಾಚಿನ ಐದು ಬಟ್ಟಲು ತಣ್ಣಗಾಗ್ತಾ ಇದ್ವು. ತಣ್ಣಗಾದ ಮೇಲೇ ಕಾಫಿ ನಿಜ ಹೇಳೋದು, ಬಿಸಿಯಲ್ಲಿ ಮುಚ್ಚಿಕೊಂಡಿರೋ ಕಹಿ, ಒಗರು ಎಲ್ಲ ಆಗ ನಾಲಿಗೆಗೆ ಸಿಗುತ್ತೆ, ಹಾಗಾಗಿ ನಾನು ಯಾವಾಗ್ಲೂ ಕೊನೆ ರೌಂಡ್ ತಣ್ಣಗಾದ್ಮೇಲೆ ಮಾಡ್ತಿದ್ದೆ. ಆವತ್ತು ಆ ರೌಂಡ್ ಮಾಡ್ದೇ ಬಂದೆ.

ನನ್ನ ಕೆಲಸ ಏನು ಅಂತ ಹೇಳ್ಬಿಡ್ತೀನಿ. ಬೆಂಗಳೂರಿನ ಒಂದು ಸ್ಪೆಷಾಲಿಟಿ ರೋಸ್ಟರಿಲಿ, ಅಂದ್ರೆ ಒಳ್ಳೇ ದರ್ಜೆ ಕಾಫಿ ಹುರಿದು ಮಾರೋ ಕಂಪನಿಲಿ, ಹಸಿರು ಕಾಫಿ (ಇನ್ನೂ ಹುರಿಯದ ಬೀಜ) ಖರೀದಿ ಮತ್ತು ಕ್ವಾಲಿಟಿ ಎರಡೂ ನಂದೇ. ಅಂದ್ರೆ ನವೆಂಬರಿಂದ ಫೆಬ್ರವರಿವರೆಗೆ ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಅಂತ ತೋಟ ತೋಟ ಸುತ್ತೋದು, ಸ್ಯಾಂಪಲ್ ತರೋದು, ಹುರಿಯೋದು, 150 ಎಂಎಲ್ ನೀರಿಗೆ 8.25 ಗ್ರಾಂ ಲೆಕ್ಕದಲ್ಲಿ ಬಟ್ಟಲಿಗೆ ಹಾಕಿ ನಾಲ್ಕು ನಿಮಿಷ ಆದ್ಮೇಲೆ ಮೇಲಿನ ಪದರ ಚಮಚದಲ್ಲಿ ಒಡೆದು ವಾಸನೆ ನೋಡೋದು, ಸೊರ್ ಅಂತ ಎಳೆದು ರುಚಿ ನೋಡೋದು, ನೂರಕ್ಕೆ ಅಂಕ ಕೊಡೋದು. 80ರ ಮೇಲೆ ಬಂದ್ರೆ ಸ್ಪೆಷಾಲಿಟಿ. ಅಪ್ಪ ಮೂಡಿಗೆರೆ ಕಡೆ ಒಂದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು, ಬೆಲ್ಲದ ಕಾಫಿ ಕುಡಿದೇ ಬೆಳೆದವಳು ನಾನು, ಆಮೇಲೆ ಕಾಫಿ ಬೋರ್ಡಿನ ಕ್ವಾಲಿಟಿ ಡಿಪ್ಲೊಮಾ ಮಾಡ್ದೆ, ಬಾಳೆಹೊನ್ನೂರಲ್ಲಿ ಗಿಡದ ಪಾಠ, ಬೆಂಗಳೂರಲ್ಲಿ ಬಟ್ಟಲಿನ ಪಾಠ. ಈ ಕೆಲಸ ಬಿಟ್ಟು ಬೇರೆ ಏನೂ ಬೇಕು ಅಂತ ನಂಗೆ ಯಾವತ್ತೂ ಅನ್ಸಿರ್ಲಿಲ್ಲ.

ಕಾರಣ ಅಂತ ಅವರು ಹೇಳಿದ್ದು ಹಸಿರು ಕಾಫಿ ರೇಟು. ಅದು ಸುಳ್ಳಲ್ಲ. ಬ್ರೆಜಿಲ್ಲಲ್ಲಿ ಬರ, ವಿಯೆಟ್ನಾಮಲ್ಲಿ ಬರ, 2020ರ ಸುಮಾರಿಗೆ ಮೂರು ಸಾವಿರ ಚಿಲ್ಲರೆ ಇದ್ದ 50 ಕೆಜಿ ರೋಬಸ್ಟಾ ಚೆರ್ರಿ (ಇಡೀ ಹಣ್ಣೇ ಒಣಗಿಸಿದ ಕಾಫಿ) ಮೂಟೆ 2024ರಲ್ಲಿ ಹತ್ತು ಸಾವಿರ ದಾಟಿತ್ತು, ನಾನು ಕೆಲಸ ಕಳ್ಕೊಂಡ ಮುಂದಿನ ತಿಂಗಳೇ ನ್ಯೂಯಾರ್ಕಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟ್ತು. ಬೆಳೆಗಾರರಿಗೆ ಎಷ್ಟೋ ವರ್ಷದ ಮೇಲೆ ಕೈಗೆ ನಾಲ್ಕು ಕಾಸು ಬಂದ ಕಾಲ ಅದು, ಅದರ ಬಗ್ಗೆ ನಂಗೆ ಈಗ್ಲೂ ಖುಷಿನೇ ಇದೆ. ಆದ್ರೆ ಆ ರೇಟಿಗೆ ಕೊಂಡು ಹುರಿದು ಮಾರೋ ಕಂಪನಿಗಳು ಮೊದಲು ಕೈ ಬಿಟ್ಟಿದ್ದು ತೋಟ ಸುತ್ತೋ ನಮ್ಮಂಥವರನ್ನ.

ಮನೆಗೆ ಬಂದು ಸಂಜೆವರೆಗೂ ಸುಮ್ನೆ ಕೂತಿದ್ದೆ. ಸಂಬಳ, ಬಾಡಿಗೆ, ಇಎಂಐ ಎಲ್ಲ ತಲೇಲಿ ಬಂತು, ಹೋಯ್ತು. ಆಮೇಲೆ ಒಂದು ವಿಷಯ ನೆನಪಾಗಿ ಎದೆ ಧಸಕ್ ಅಂತು. ಆಲ್ದೂರು ಕಡೆ ಒಬ್ಬ ಗೌಡ್ರಿದ್ದಾರೆ, ಎಂಟು ಎಕರೆ ತೋಟ, ಎಸ್ 795 ಅನ್ನೋ ಅರೇಬಿಕಾ ತಳಿ ಗಿಡ, ಮೇಲೆ ಸಿಲ್ವರ್ ಓಕು, ಹಲಸು, ಮೆಣಸಿನ ಬಳ್ಳಿ. ಅವರಿಗೆ ಅಕ್ಟೋಬರಲ್ಲಿ ನಾನೇ ಹೇಳಿದ್ದೆ, ಈ ಸಲ ಸ್ವಲ್ಪ ಹಣ್ಣು ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸೋ ಮಷೀನಿಗೆ) ಹಾಕ್ಬೇಡಿ, ಕೆಂಪಗೆ ಹಣ್ಣಾಗಿರೋದು ಮಾತ್ರ ಕುಯ್ಸಿ ಒಣಗ್ಸೋ ಬೆಡ್ ಮೇಲೆ ಇಡೀ ಹಣ್ಣೇ ಒಣಗ್ಸಿ, ಸಿಪ್ಪೆ ಎಲ್ಲ ತೆಗೆದ ಕ್ಲೀನ್ ಕಾಫಿ ಕೆಜಿಗೆ 650 ಕೊಡ್ತೀವಿ ಅಂತ. ಬಾಯಿ ಮಾತು. ಯಾವ ಪೇಪರ್ರೂ ಇಲ್ಲ. ಅದು ನನ್ನ ತಪ್ಪು, ಆರು ವರ್ಷ ಬಾಯಿ ಮಾತಲ್ಲೇ ನಡೆದಿತ್ತು, ಮಾತು ಕೊಟ್ಟಿದ್ದು ಕಂಪನಿ ಅಂತ ನಾನು ಅಂದ್ಕೊಂಡಿದ್ದೆ, ಅವರು ನಂಬಿದ್ದು ನನ್ನ ಮುಖ.

ಈ ಇಡೀ ಹಣ್ಣು ಒಣಗ್ಸೋದ್ರಲ್ಲಿ ಏನು ಕಷ್ಟ ಅಂದ್ರೆ, ಪಲ್ಪ್ ಮಾಡಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಆದ್ರೆ ಯಾವ ವ್ಯಾಪಾರಿ ಬೇಕಾದ್ರೂ ಆವತ್ತಿನ ರೇಟಿಗೆ ತಗೋತಾನೆ. ಹಣ್ಣು ಸಮೇತ ಒಣಗಿಸಿದ್ರೆ ಅದು ಊರಿನ ಮಾರ್ಕೆಟ್ಟಲ್ಲಿ ಬರೀ 'ಅರೇಬಿಕಾ ಚೆರ್ರಿ', ಮೂಟೆ ರೇಟು ಪಾರ್ಚ್‌ಮೆಂಟಿನ ಹತ್ತಿರ ಹತ್ತಿರ ಅರ್ಧ. ಸಿಪ್ಪೆ ತೂಕ ಇರೋದ್ರಿಂದ ಕಮ್ಮಿ ಇರ್ಲೇಬೇಕು ನಿಜ, ಆದ್ರೆ ಸಿಪ್ಪೆ ಕಳೆದು ಲೆಕ್ಕ ಹಾಕಿದ್ರೂ ನಷ್ಟನೇ. ಅದರ ಮೇಲೆ ಪಾರ್ಚ್‌ಮೆಂಟು ವಾರ ಹತ್ತು ದಿನದಲ್ಲಿ ಒಣಗಿದ್ರೆ ಇದಕ್ಕೆ ಮೂರು ನಾಲ್ಕು ವಾರ, ದಿನಕ್ಕೆ ಹತ್ತು ಸಲ ಕೈಯಾಡಿಸ್ಬೇಕು, ಸಂಜೆ ಮುಚ್ಬೇಕು, ಬೆಳಗ್ಗೆ ತೆಗೀಬೇಕು. ಕೆಂಪು ಹಣ್ಣು ಮಾತ್ರ ಆರಿಸಿ ಕುಯ್ಯೋಕೆ ಆಳಿನ ಖರ್ಚೂ ಜಾಸ್ತಿ. ಇದೆಲ್ಲ ಆ ಮನುಷ್ಯ ನನ್ನ ಮಾತಿನ ಮೇಲೆ ಮಾಡಿದ್ದು, ಆವತ್ತು ಹದಿನಾರು ಮೂಟೆ ಆಗೋಷ್ಟು ಹಣ್ಣು ಬೆಡ್ ಮೇಲೆ ಬಿಸಿಲು ಕಾಯ್ತಾ ಇತ್ತು.

ಮೊದಲು ಮಾಡಿದ್ದು ಮೇಲ್. ಹಳೇ ಕಂಪನಿಗೆ ನನ್ನ ಪರ್ಸನಲ್ ಐಡಿಯಿಂದ ಎರಡೇ ಸಾಲು, ಈ ಲಾಟ್ ನೀವು ತಗೋತೀರಾ ಇಲ್ವಾ, ಇಲ್ಲ ಅಂದ್ರೆ ಬೆಳೆಗಾರರು ಬೇರೆಯವರಿಗೆ ಮಾರ್ಕೋಬಹುದು ಅಂತ ಬರೆದು ಹೇಳಿ. ಎರಡು ದಿನಕ್ಕೆ 'ಈ ಸೀಸನ್ ತಗೊಳಲ್ಲ' ಅಂತ ಉತ್ತರ ಬಂತು. ಅದನ್ನ ಪ್ರಿಂಟ್ ತೆಗೆದು ಇಟ್ಕೊಂಡೆ. ಯಾರಾದ್ರೂ ನನ್ನ ಥರ ಸಿಕ್ಕಿಹಾಕ್ಕೊಂಡ್ರೆ ದಯವಿಟ್ಟು ಇದನ್ನ ಮೊದಲು ಮಾಡಿ, ಆಮೇಲೆ ನಮ್ಮ ಬೆಳೆಗಾರರನ್ನ ಕದ್ದುಕೊಂಡು ಹೋದ್ಲು ಅನ್ನೋ ಮಾತು ಬರಬಾರದು.

ಆಮೇಲೆ ಭಾನುವಾರ ಬೆಳಗ್ಗೆ ಮೆಜೆಸ್ಟಿಕ್ಕಲ್ಲಿ ಚಿಕ್ಕಮಗಳೂರು ಬಸ್ ಹತ್ತಿದೆ. ಫೋನಲ್ಲಿ ಹೇಳ್ಬಹುದಿತ್ತು, ಆದ್ರೆ ಕಾಫಿ ಒಣಗ್ಸಿ ಅಂತ ಎದುರು ನಿಂತು ಹೇಳಿದವಳು ಇದನ್ನೂ ಎದುರು ನಿಂತೇ ಹೇಳ್ಬೇಕು ಅನ್ಸ್ತು. ನಾನು ಹೋದಾಗ ಗೌಡ್ರು ಮರದ ಗೋರುಮಣೆಯಲ್ಲಿ ಹಣ್ಣು ಹರವ್ತಾ ಇದ್ರು. ಕೆಂಪು ಹೋಗಿ ಒಣದ್ರಾಕ್ಷಿ ಬಣ್ಣಕ್ಕೆ ತಿರುಗಿತ್ತು, ಬಿಸಿಲಿಗೆ ಸಿಹಿ ವಾಸನೆ ಎದ್ದಿತ್ತು. 'ಗೌಡ್ರೆ, ನನ್ ಕೆಲ್ಸ ಹೋಯ್ತು' ಅಂದೆ. ಅವರು ಹರವೋದು ನಿಲ್ಲಿಸಿ ನನ್ನ ನೋಡಿದ್ರು, ಆಮೇಲೆ ಬೆಡ್ ನೋಡಿದ್ರು. 'ಹಂಗಾದ್ರೆ ಇದು ಯಾರ್ದು ಈಗ?' ಅಂದ್ರು.

ಕೋಪದಲ್ಲಿ ಕೇಳಿದ್ದಲ್ಲ, ನಿಜವಾಗ್ಲೂ ಕೇಳಿದ್ದು. ನನ್ ಹತ್ರ ಉತ್ತರ ಇರ್ಲಿಲ್ಲ. ಅವರ ಮನೆಯವರು ಒಳಗಿಂದ ಬಂದು, 'ಮೊದ್ಲು ಒಣಗ್ಲಿ ಬಿಡಿ ಮಾರಾಯ್ರೆ, ಅರ್ಧಕ್ಕೆ ತೆಗ್ಯಕ್ ಆಗುತ್ತಾ' ಅಂದ್ರು. ಆ ಮಾತು ಹಿಡ್ಕೊಂಡೇ ನಾನು ಮುಂದಿನ ಎರಡು ತಿಂಗಳು ಕಳೆದೆ. ಒಣಗೋವರೆಗೆ ವಾರಕ್ಕೊಮ್ಮೆ ಬರ್ತೀನಿ, ನಿಮಗೆ ಕೊಳ್ಳೋರು ಸಿಗೋವರೆಗೆ ಬಿಡಲ್ಲ, ನಂಗೆ ಕಮಿಷನ್ ಬೇಡ ಅಂತ ಹೇಳಿ ಬಂದೆ.

ಎರಡನೇ ಸಲ ಹೋದಾಗ ನಾಲ್ಕನೇ ಬೆಡ್ ಹತ್ರ ಹುಳಿ ವಾಸನೆ. ಬಗ್ಗಿ ಒಂದು ಹಿಡಿ ತಗೊಂಡು ಮೂಸಿದೆ, ವಿನೆಗರ್. ಆ ಬೆಡ್ಡಿನ ಟಾರ್ಪಾಲ್ ಹಳೇದು, ನಡುವೆ ತೂತು ಬಿದ್ದು ರಾತ್ರಿ ಇಬ್ಬನಿ ಅಲ್ಲಲ್ಲೇ ಇಳಿದು ಹಣ್ಣು ಮತ್ತೆ ಒದ್ದೆಯಾಗಿ ಹುಳಿ ಬಂದಿದೆ. ಕೈಯಲ್ಲಿ ಹಿಚುಕಿದ್ರೆ ಒಳಗೆ ಇನ್ನೂ ಅಂಟು. ಗೌಡ್ರು 'ಎಲ್ಲ ಸೇರಿಸಿಬಿಟ್ರೆ ಗೊತ್ತಾಗುತ್ತಾ?' ಅಂತ ಕೇಳಿದ್ರು, ಕೇಳಿದ್ದು ತಪ್ಪಲ್ಲ, ಮೂರು ಮೂಟೆ ಅಂದ್ರೆ ಸಣ್ಣ ಲೆಕ್ಕ ಅಲ್ಲ. ಗೊತ್ತಾಗುತ್ತೆ ಅಂದೆ. ಐದು ಬಟ್ಟಲಲ್ಲಿ ಒಂದು ಬಟ್ಟಲು ಕೆಟ್ಟಿದ್ರೂ ಇಡೀ ಲಾಟ್ ಅಂಕ ಬೀಳುತ್ತೆ. ಆ ಬೆಡ್ ಬೇರೆ ಮಾಡಿಸಿ, ಅದನ್ನ ಊರಲ್ಲೇ ಚೆರ್ರಿ ರೇಟಿಗೆ ಹಾಕಿಸಿದೆ. ಉಳಿದಿದ್ದು ಹದಿಮೂರು ಮೂಟೆ. ತೇವಾಂಶ 11 ಬಂದ ಮೇಲೆ ಮೂಟೆ ಕಟ್ಟಿದ್ವಿ. ಸಣ್ಣ ಲಾಟ್ ಹಲ್ಲಿಂಗ್, ಅಂದ್ರೆ ಒಣಸಿಪ್ಪೆ ಬಿಡಿಸಿ ಬೀಜ ತೆಗೆಯೋದು, ಮಾಡಿಕೊಡೋರು ಸಿಗೋದೇ ಕಷ್ಟ, ದೊಡ್ಡ ಕ್ಯೂರಿಂಗ್ ವರ್ಕ್ಸಲ್ಲಿ ಇಷ್ಟು ಕಮ್ಮಿಗೆ ಮಷೀನ್ ಓಡಿಸಲ್ಲ, ಕೊನೆಗೆ ಚಿಕ್ಕಮಗಳೂರಲ್ಲಿ ಸಣ್ಣ ಹಲ್ಲರ್ ಇಟ್ಕೊಂಡಿದ್ದ ಒಬ್ಬರ ಹತ್ರ ಎರಡು ದಿನ ಕೂತು ಮಾಡಿಸಿದ್ವಿ, ಸಿಪ್ಪೆ, ಒಡಕು, ಕಾಯಿಕೊರಕ ತಿಂದಿದ್ದು ಎಲ್ಲ ತೆಗೆದು 312 ಕೆಜಿ ಕ್ಲೀನ್ ಕಾಫಿ.

ಇನ್ನು ಸ್ಯಾಂಪಲ್. ಆರು ವರ್ಷ ನನ್ನ ಕೈಯಳತೇಲಿದ್ದ, ಸ್ಯಾಂಪಲ್ ಹುರಿಯೋ ಮಷೀನ್ ಈಗ ಇಲ್ಲ. ಮನೇಲಿ ಅಮ್ಮನ ಕಬ್ಬಿಣದ ಬಾಣಲೆಯಲ್ಲಿ 100 ಗ್ರಾಂ ಹುರಿದು ನೋಡಿದೆ, ಅಡುಗೆಮನೆ ತುಂಬ ಹೊಗೆ, ಕಾಳಿನ ತುದಿಗಳು ಸುಟ್ಟು ನಡುವೆ ಹಸಿ, ಅದನ್ನ ಯಾರ ಮುಂದೆಯೂ ಇಡೋ ಹಾಗಿರ್ಲಿಲ್ಲ. ಆದ್ರೆ ಆ ಹೊಗೆ ನಡುವೆ ಚಟ್ ಚಟ್ ಅಂತ ಫಸ್ಟ್ ಕ್ರ್ಯಾಕ್, ಕಾಳು ಮೊದಲ ಸಲ ಸಿಡಿಯೋದು, ಶುರುವಾಯ್ತಲ್ಲ, ಆ ಸದ್ದು ಕೇಳಿ ನಾನು ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಕೆಲಸ ಹೋದ ದಿನ ಅಳು ಬಂದಿರ್ಲಿಲ್ಲ. ಅಲ್ಲಿಂದ ಅಲ್ಲಿವರೆಗೆ ನಾನು ಕಾಫಿನೇ ಕುಡಿದಿರ್ಲಿಲ್ಲ, ಅಮ್ಮ ಫಿಲ್ಟರ್ ಹಾಕಿದ್ರೆ ಬಾಲ್ಕನಿಗೆ ಹೋಗಿ ನಿಲ್ತಿದ್ದೆ. ಆವತ್ತು ಅಮ್ಮ ಏನೂ ಕೇಳ್ದೇ ಕಿಟಕಿ ತೆಗೆದು, ಚಿಕೋರಿ ಹಾಕಿದ ಗಟ್ಟಿ ಡಿಕಾಕ್ಷನ್ನಲ್ಲಿ ಒಂದು ಲೋಟ ಕಾಫಿ ಮಾಡಿ ಪಕ್ಕದಲ್ಲಿಟ್ಟು ಹೋದ್ರು. ಕುಡಿದೆ.

ಹಳೇ ಸಹೋದ್ಯೋಗಿ ಒಬ್ಬ ಬೇರೆ ರೋಸ್ಟರಿಲಿದ್ದ, ಅಲ್ಲಿನ ಓನರ್ ಹತ್ರ ಕೇಳಿ ಬೆಳಗ್ಗೆ ಏಳರಿಂದ ಎಂಟು ಮಷೀನ್ ಕೊಡಿಸಿದ. ಆ ಋಣ ದೊಡ್ಡದು. ಹುರಿದು ಒಂದು ರಾತ್ರಿ ಬಿಟ್ಟು ಕಪ್ ಮಾಡಿದೆ. ರುಚಿಯಲ್ಲಿ ಬಕ್ಕೆ ಹಲಸಿನ ಹಣ್ಣು, ಹಿಂದೆ ಜೋನಿ ಬೆಲ್ಲ, ಕೊನೆಗೆ ಸ್ವಲ್ಪ ಹುಣಸೆ. ನಾನು ಸ್ಕೋರ್ ಶೀಟಿನ ಅಂಚಲ್ಲಿ ಯಾವಾಗ್ಲೂ ಹೀಗೇ ಬರ್ಕೊಳ್ಳೋದು, ತಿಂದೇ ಇರದ ಹಣ್ಣಿನ ಹೆಸರು ಬರೆದು ನಂಗೇನೂ ನೆನಪಿರಲ್ಲ. ನನ್ನ ಲೆಕ್ಕದಲ್ಲಿ 85.5. ಆದ್ರೆ ಈ ಕಾಫಿ ಮೇಲೆ ನನಗೆ ಪ್ರೀತಿ ಜಾಸ್ತಿ ಇತ್ತು, ನನ್ನ ನಾಲಿಗೆ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ, ಅದಕ್ಕೆ ಗೌಡ್ರ ಲಾಟ್ ಅಂತ ಹೇಳ್ದೆ ಇನ್ನಿಬ್ಬರ ಹತ್ರ ಕಪ್ ಮಾಡಿಸಿದೆ, ಅವರದ್ದು 84. ಕೊಳ್ಳೋರಿಗೆಲ್ಲ ನಾನು ಹೇಳಿದ್ದು 84.

ಒಂಬತ್ತು ರೋಸ್ಟರಿಗೆ ಸ್ಯಾಂಪಲ್ ಕೊಟ್ಟೆ. ನಾಲ್ಕು ಜನ ಉತ್ತರನೇ ಕೊಡ್ಲಿಲ್ಲ, ಇಬ್ಬರು ಚೆನ್ನಾಗಿದೆ ದುಡ್ಡಿಲ್ಲ ಅಂದ್ರು, ಒಬ್ಬರು ಅರವತ್ತು ದಿನ ಕ್ರೆಡಿಟ್ ಕೇಳಿದ್ರು. ಗೌಡ್ರು ಆಳುಗಳಿಗೆ ವಾರ ವಾರ ಬಟವಾಡೆ ಕೊಟ್ಟಾಗಿದೆ, ಅರವತ್ತು ದಿನ ಅವರ್ಯಾಕೆ ಕಾಯ್ಬೇಕು, ಆಗಲ್ಲ ಅಂದೆ. ಮೈಸೂರಿನ ಒಬ್ಬರು 150 ಕೆಜಿ ತಗೊಂಡ್ರು, ಅರ್ಧ ದುಡ್ಡು ಮೊದಲು, ಉಳಿದಿದ್ದು ಲಾರಿಗೆ ಹಾಕಿದ ದಿನ. ಇಂದಿರಾನಗರದ ಸಣ್ಣ ಕೆಫೆಯವರು 72 ಕೆಜಿ. ಉಳಿದಿದ್ದು 90.

ಆ 90 ಕೆಜಿ ನಾನೇ ಕೊಂಡೆ. ದುಡ್ಡು ಎಲ್ಲಿಂದ ಅಂದ್ರೆ ಗ್ರಾಚ್ಯುಟಿ, ಕೆಲಸ ಮುಗಿದಾಗ ಕಂಪನಿ ಕೊಡ್ಬೇಕಾದ ಇಡಿಗಂಟು. ಐದು ವರ್ಷ ದಾಟಿದ್ರೆ ಸಿಗುತ್ತೆ, ಎಷ್ಟೋ ಜನ ಕೆಫೆ, ರೋಸ್ಟರಿ ಹುಡುಗರಿಗೆ ಇದು ಗೊತ್ತೇ ಇಲ್ಲ, ನಂದು ಲೆಕ್ಕ ಹಾಕಿದ್ದು ಬೇಸಿಕ್ ಸಂಬಳವನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಎಷ್ಟು ವರ್ಷವೋ ಅಷ್ಟರಿಂದ ಗುಣಿಸಿ. ನನ್ನ ಬೇಸಿಕ್ 26,000, ಆರು ವರ್ಷಕ್ಕೆ 90,000 ಬಂತು. ನಾನು ಕೇಳದಿದ್ರೆ ಕೊಡ್ತಿದ್ರೋ ಇಲ್ವೋ, ಬರೆದು ಕೇಳಿದೆ, ಮೂವತ್ತು ದಿನದೊಳಗೆ ಕೊಡ್ಬೇಕು ಅನ್ನೋ ನಿಯಮನೂ ಬರೆದೆ. ಪಿಎಫ್ ಮಾತ್ರ ಎಳೀತು, ಕಂಪನಿಯವರು ಎಕ್ಸಿಟ್ ಡೇಟ್, ಅಂದ್ರೆ ನಾನು ಕೆಲಸ ಬಿಟ್ಟ ತಾರೀಖು, ಹಾಕಿರ್ಲಿಲ್ಲ, ಎರಡು ತಿಂಗಳು ಕಾದು ಪೋರ್ಟಲ್ಲಲ್ಲಿ ನಾನೇ ಹಾಕ್ಕೊಂಡೆ. 90 ಕೆಜಿಗೆ 58,500 ಗೌಡ್ರ ಅಕೌಂಟಿಗೆ ಹಾಕಿದ ದಿನ ಅಪ್ಪ ಫೋನಲ್ಲಿ ಸುಮಾರು ಹೊತ್ತು ಸುಮ್ನಿದ್ರು. 'ಕೆಲಸ ಇಲ್ದೇ ಇರೋವಾಗ ಇದೆಲ್ಲ ಬೇಕಿತ್ತಾ' ಅಂತ ಕೇಳಿದ್ರು, ಬೇಕಿತ್ತು ಅಪ್ಪ ಅಂದೆ. ಉಳಿತಾಯ ಇಲ್ಲದವರಿಗೆ, ಮಕ್ಕಳಿರೋರಿಗೆ ಹೀಗೆ ಮಾಡಿ ಅಂತ ನಾನು ಹೇಳಲ್ಲ, ನಂಗೆ ಅಮ್ಮನ ಮನೆ ಇತ್ತು.

ಪೀಣ್ಯದಲ್ಲಿ ಕೆಜಿ ಲೆಕ್ಕದಲ್ಲಿ ಹುರಿದುಕೊಡೋ ಕಡೆ ಹತ್ತತ್ತು ಕೆಜಿ ಹುರಿಸಿದೆ, ಪಕ್ಕದಲ್ಲಿ ನಿಂತೇ. ಹುರಿದಾಗ ತೂಕ ಸುಮಾರು 15 ಪರ್ಸೆಂಟ್ ಹೋಗುತ್ತೆ, ಒಟ್ಟು 250 ಗ್ರಾಮಿನ ಮುನ್ನೂರು ಚಿಲ್ಲರೆ ಪ್ಯಾಕೆಟ್. ನಾಲ್ಕು ತಿಂಗಳು ಹಿಡೀತು ಖಾಲಿ ಆಗೋಕೆ. ಈಗ ನಂಗೆ ಮೂರು ಸಣ್ಣ ರೋಸ್ಟರಿಗಳಿಗೆ ವಾರಕ್ಕೊಂದೊಂದು ದಿನ ಕಪ್ಪಿಂಗ್ ಕೆಲಸ ಇದೆ, ಮೊದಲಿನ ಸಂಬಳದ ಅರ್ಧನೂ ಬರಲ್ಲ. ಹಳೇ ಕಪ್ಪಿಂಗ್ ರೂಮು ಈಗ್ಲೂ ಕನಸಲ್ಲಿ ಬರುತ್ತೆ, ಆ ಕೆಲಸ ವಾಪಸ್ ಕರೆದ್ರೆ ನಾಳೆನೇ ಹೋಗ್ತೀನಿ.

ನವೆಂಬರಲ್ಲಿ ಗೌಡ್ರು ಫೋನ್ ಮಾಡಿದ್ರು. 'ಏನಮ್ಮ, ಹಣ್ಣು ಕೆಂಪಾಗ್ತಾ ಇದೆ, ಈ ಸಲ ಬೆಡ್ ಹಾಕ್ಲಾ, ಇಲ್ಲ ಎಲ್ಲ ಪಲ್ಪರ್‌ಗೆ ಬಿಡ್ಲಾ?'

ಎರಡೇ ಬೆಡ್ ಹಾಕಿ ಗೌಡ್ರೆ, 100 ಕೆಜಿ ಕ್ಲೀನ್ ಆಗೋಷ್ಟು ಮಾತ್ರ, ಮಿಕ್ಕಿದ್ದೆಲ್ಲ ಪಲ್ಪರ್‌ಗೇ ಹಾಕಿ ಅಂದೆ. ರೇಟು, ತೂಕ, ತಾರೀಖು ಒಂದು ಹಾಳೇಲಿ ಬರೆದು ಸೈನ್ ಹಾಕಿ ಕಳಿಸ್ತೀನಿ, ನೀವೂ ಹಾಕಿ, ಅಡ್ವಾನ್ಸ್ ಇವತ್ತೇ ಹಾಕ್ತೀನಿ ಅಂದೆ.

'ಆಯ್ತು' ಅಂದ್ರು. ಆಮೇಲೆ ಫೋನ್ ಇಡೋಕೆ ಮುಂಚೆ, 'ಟಾರ್ಪಾಲ್ ಹೊಸದು ತಂದಿದೀನಿ' ಅಂದ್ರು.