ಶಾಲೆ ಅಡುಗೆ ಕೋಣೇಲಿ ಜಿರಳೆ, ಇಲಿಗೆ 'ಎಣ್ಣೆ' ಹೊಡೆಯೋದು ನಿಲ್ಲಿಸಿದ್ದು: ನನ್ನ ಅನುಭವ

ಒಂದು ಸೋಮವಾರ ಎರಡನೇ ಕ್ಲಾಸಿನ ಹುಡುಗಿ ಸ್ಲೇಟ್ ತುಂಬ ಅ ಆ ಇ ಈ ಬರ್ಕೊಂಡು ತೋರ್ಸಕ್ಕೆ ಬಂದ್ಲು. ಅಕ್ಷರ ದುಂಡಗೇ ಇದ್ವು, ಆದ್ರೆ ಕೈಯಲ್ಲಿದ್ದಿದ್ದು ಬಳಪ ಅಲ್ಲ, ಜಿರಳೆ ಕೊಲ್ಲೋ ಚಾಕ್. ಶನಿವಾರ ಸ್ಟೋರ್ ರೂಮ್ ಗೋಡೆಗೆ ಗೆರೆ ಎಳೆದು ಕಿಟಕಿ ಮೇಲೆ ಮರೆತು ಹೋಗಿದ್ದು ಬೇರೆ ಯಾರೂ ಅಲ್ಲ, ಹೆಡ್ ಮಾಸ್ಟರ್ ಆದ ನಾನೇ. ಸೋಪು ಹಾಕಿ ಮೂರು ಸಲ ಅವಳ ಕೈ ತೊಳೆಸಿ, ಬಾಯಿಗೇನಾದ್ರೂ ಇಟ್ಕೊಂಡ್ಯೇನೆ ಪುಟ್ಟಿ ಅಂತ ಹತ್ತು ಸಲ ಕೇಳಿ, ಸಂಜೆ ಬೆಲ್ ಹೊಡಿಯೋವರೆಗೂ ಅವಳ ಮುಖಾನೇ ನೋಡ್ತಾ ಕೂತಿದ್ದೆ. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಆ ಪ್ಯಾಕೆಟ್ ಮೇಲೆ ಸಣ್ಣಕ್ಷರದಲ್ಲಿ ಡೆಲ್ಟಾಮೆಥ್ರಿನ್ ಅಂತ ಕೀಟನಾಶಕದ ಹೆಸರು ಬರೆದಿದ್ದು ನಾನು ಓದಿದ್ದೇ ಅವತ್ತು.

ನಮ್ದು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಸುತ್ತ ಮೆಕ್ಕೆಜೋಳದ ಹೊಲ. ಈ ಕಡೆ ಕೀಟನಾಶಕ ಅಂತ ಯಾರೂ ಅನ್ನಲ್ಲ, ಒಂದೋ ಔಷಧಿ, ಇಲ್ಲಾ ಎಣ್ಣೆ. ಹೊಲಕ್ಕೆ ಹೊಡೆಯೋದೂ ಎಣ್ಣೆ, ಒಗ್ಗರಣೆಗೆ ಹಾಕೋದೂ ಎಣ್ಣೆ. 2013ರ ಜುಲೈ 16ಕ್ಕೆ ಬಿಹಾರದ ಸಾರಣ್ ಜಿಲ್ಲೆ ಗಂಡಾಮನ್ ಅನ್ನೋ ಊರಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತಿದ್ದು ಇದೇ ಎರಡು ಎಣ್ಣೆ ಒಂದಾಗಿದ್ದಕ್ಕೆ, ಅಡುಗೆ ಎಣ್ಣೇಲಿ ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ ಇತ್ತು. ಎಣ್ಣೆ ಡಬ್ಬ ತೊಳೆದು ಬೇರೆ ಕೆಲಸಕ್ಕೆ ಇಟ್ಕೊಳೋರನ್ನ ನಮ್ಮೂರಲ್ಲೂ ನೋಡಿದೀನಿ, ಹಂಗಾಗಿ ಅದು ಎಲ್ಲೋ ದೂರದ ಸುದ್ದಿ ಅಂತ ನನಗೆ ಅನ್ಸಲ್ಲ.

ಏನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ, ಮೊದಲು ಜಿರಳೆ ಚಾಕ್, ಸ್ಪ್ರೇ, ಬಿಳಿ ಪೌಡರ್ ಎಲ್ಲಾ ಶಾಲೆಯಿಂದ ಹೊರಗೆ ಹಾಕಿದ್ವಿ. ಆ ಪೌಡರ್ ಪೊಟ್ಟಣಕ್ಕೆ ಹೆಸರೂ ಇರ್ಲಿಲ್ಲ, ಎಲ್ರೂ ಗ್ಯಾಮಕ್ಸಿನ್ ಅಂತಿದ್ರು, ಗ್ಯಾಮಕ್ಸಿನ್ ಅಂತ ಮಾರ್ತಿದ್ದ ಬಿಎಚ್‌ಸಿ ಅನ್ನೋ ಕೀಟನಾಶಕ 1997ರಲ್ಲೇ ಬ್ಯಾನ್ ಆಗಿದೆ, ಹಂಗಾದ್ರೆ ಪೊಟ್ಟಣದಲ್ಲಿ ಇದ್ದಿದ್ದು ಏನು ಅಂತ ಅಂಗಡಿಯವನಿಗೂ ಗೊತ್ತಿಲ್ಲ! ಆಮೇಲೆ ಒಂದು ರಾತ್ರಿ ಎಂಟೂವರೆಗೆ ಟಾರ್ಚ್ ಹಿಡ್ಕೊಂಡು ಅಡುಗೆ ಕೋಣೆ ಬಾಗಿಲು ತೆಗೆದೆ. ಗೋಡೆ ಮೇಲೆ ನಾನು ಎಳೆದಿದ್ದ ಗೆರೆ ಹತ್ರ ಒಂದು ಜಿರಳೆನೂ ಇಲ್ಲ, ಎಲ್ಲಾ ತೊಟ್ಟಿಕ್ಕೋ ನಲ್ಲಿ ಕೆಳಗೆ, ಒದ್ದೆ ಮಸಿಬಟ್ಟೆ ಒಳಗೆ, ಒಲೆ ಹಿಂದೆ ಜಿಡ್ಡು ಕಟ್ಟಿರೋ ಕಡೆ. ಅಂದ್ರೆ ಎರಡು ವರ್ಷದಿಂದ ಜಿರಳೆ ಇಲ್ಲದ ಕಡೆ ವಿಷ ಬಳಿದು, ಇರೋ ಕಡೆ ನೀರು ಕುಡಿಸಿ ಸಾಕ್ತಾ ಇದ್ವಿ.

ನಲ್ಲಿ ವಾಷರ್ ಬದಲಾಯಿಸಿದ್ವಿ. ಮಸಿಬಟ್ಟೆ ಬಿಸಿಲಿಗೆ. ಒಲೆ ಹಿಂದಿನ ಜಿಡ್ಡು ತೆಗೆಯಕ್ಕೆ ಇಬ್ಬರು ಆಳು ಕರೆಸಿದ್ವಿ, ಅಡುಗೆಯವರ ಕೈಲೇ ಮಾಡಿಸಬಹುದಿತ್ತು, ಆದ್ರೆ ಅವರಿಗೆ ಬರೋ ಗೌರವಧನಕ್ಕೆ ಇದನ್ನೂ ಮಾಡಮ್ಮ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಉಳಿದ ಜಿರಳೆಗೆ ಬೋರಿಕ್ ಪೌಡರ್, ಗೋಧಿ ಹಿಟ್ಟು, ಸಕ್ಕರೆ ಕಲಸಿ ಉಂಡೆ ಮಾಡಿ ಬಾಟಲ್ ಮುಚ್ಚಳದಲ್ಲಿಟ್ಟು ಮಕ್ಕಳ ಕೈಗೆ ಸಿಗದ ಸಂದಿಗೆ ತಳ್ಳಿದ್ವಿ. ಬೋರಿಕ್ ಕೂಡ ತಿನ್ನೋ ಪದಾರ್ಥ ಅಲ್ಲ, ಅದಕ್ಕೆ ಲೆಕ್ಕ ಬರೆದಿಟ್ವಿ: ಇಟ್ಟಿದ್ದು ಹನ್ನೆರಡು, ತೆಗೆದಿದ್ದು ಹನ್ನೆರಡು. ಒಂದೇ ರಾತ್ರಿಗೆ ಸಾಯಲ್ಲ, ವಾರ ಹತ್ತು ದಿನ ತಡ್ಕೊಬೇಕು.

ಇಲಿ ಕೆಲಸ ಮಾತ್ರ ಮಜಾ. ಪೆನ್ಸಿಲ್ ತೂರೋ ಸಂದಿ ಇದ್ರೆ ಸುಂಡಿಲಿ ತೂರುತ್ತೆ ಅಂತಾರೆ, ಅದಕ್ಕೆ ಆರನೇ ಕ್ಲಾಸಿನ ಹುಡುಗರ ಕೈಗೆ ಒಂದೊಂದು ಪೆನ್ಸಿಲ್ ಕೊಟ್ಟು ಎಲ್ಲೆಲ್ಲಿ ತೂರುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುಂಡು ಹಾಕಿ ಬನ್ರೋ ಅಂದೆ. ಅರ್ಧ ಗಂಟೆಗೆ 31 ಗುಂಡು! ಅದರಲ್ಲಿ ಎರಡು ನನ್ನ ಆಫೀಸ್ ರೂಮಲ್ಲೇ. ಪಾತ್ರೆ ತಿಕ್ಕೋ ಸ್ಟೀಲ್ ನಾರು ತುರುಕಿ ಮೇಲೆ ಸಿಮೆಂಟ್ ಬಳಿದ್ವಿ, ಬಾಗಿಲ ಕೆಳಗೆ ಹಳೇ ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಪಟ್ಟಿ ಹೊಡೆದ್ವಿ. ಒಳಗೆ ಉಳಿದಿದ್ದಕ್ಕೆ ಬೋನು. ಅಂಟಿನ ಪ್ಯಾಡ್ ಒಂದು ಸಲ ಇಟ್ಟಿದ್ವಿ, ಬೆಳಿಗ್ಗೆ ಅದಕ್ಕೆ ಅಂಟಿದ ಇಲಿ ಕಿಚಕಿಚ ಅಂತ ಒದ್ದಾಡೋದನ್ನ ಮಕ್ಕಳು ನೋಡಿ ಅಳ್ತಾ ನಿಂತಿದ್ವು, ಮತ್ತೆ ಇಡ್ಲಿಲ್ಲ.

ಅಕ್ಕಿ ನುಸಿ ವಿಷಯದಲ್ಲಿ ಜಗಳಾನೇ ಆಯ್ತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ರು ಒಳ್ಳೇ ಮನಸ್ಸಿಂದಲೇ ಜೋಳದ ಗೋಡೌನಿಗೆ ಹಾಕೋ ಗುಳಿಗೆ ತಂದು, "ನಾಕು ಹಾಕಿ ಟಾರ್ಪಾಲ್ ಮುಚ್ಚಿ ಮೇಷ್ಟ್ರೇ, ಒಂದು ಹುಳ ಇದ್ರೆ ಕೇಳಿ" ಅಂದ್ರು. ಅದು ಅಲ್ಯೂಮಿನಿಯಂ ಫಾಸ್ಫೈಡ್, ಗಾಳೀಲಿರೋ ಪಸೆ ತಾಗಿದ್ರೆ ಸಾಕು ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬಿಡುತ್ತೆ, ಸ್ಟೋರ್ ಗೋಡೆ ಆಚೆಗೇ ಒಂದನೇ ಕ್ಲಾಸು. ಬೇಡ ಅಂದೆ. "ನಮ್ ಮನೇಲಿ ನಾವು ಮಲಗೋ ಕಡೆನೇ ಚೀಲ ಇರ್ತಾವಲ್ರೀ, ನಾವೇನು ಸತ್ವಾ?" ಅಂತ ರೇಗಿದ್ರು. ಪಕ್ಕದಲ್ಲಿ ಚಪಾತಿ ಹಿಟ್ಟು ನಾದ್ತಿದ್ದ ಅಡುಗೆ ಅಕ್ಕ ತಲೆ ಎತ್ತದೇ, "ಸಾಯೋವರ್ಗೂ ಕಾಯ್ಬೇಕಾ ಗೌಡ್ರೇ?" ಅಂದ್ರು. ಅವರು ಗುಳಿಗೆ ಡಬ್ಬ ಜೇಬಿಗೆ ಹಾಕ್ಕೊಂಡು ಹೊರಟೋದ್ರು, ಮೂರು ವಾರ ಮಾತಿಲ್ಲ, ಆಮೇಲೆ ಮುಚ್ಚಳ ಬಿಗಿ ಇರೋ ಎರಡು ಸ್ಟೀಲ್ ಡ್ರಮ್ ಕೊಡಿಸಿದ್ದೂ ಅವರೇ. ಉಳಿದ ಚೀಲ ನೆಲದಿಂದ ಮೇಲೆ ಹಲಗೆ ಮೇಲಿಟ್ಟು ಗೋಡೆಯಿಂದ ದೂರ ಮಾಡಿದ್ವಿ, ಹಳೇ ಅಕ್ಕಿ ಮೊದಲು ಖರ್ಚು. ಒಣಗಿದ ಬೇವಿನ ಸೊಪ್ಪೂ ಹಾಕಿ ನೋಡಿದೀವಿ, ನಿಜ ಹೇಳ್ಬೇಕಂದ್ರೆ ಸೊಪ್ಪಿಗಿಂತ ಮುಚ್ಚಳನೇ ಹೆಚ್ಚು ಕೆಲಸ ಮಾಡ್ತು.

ಪೂರ್ತಿ ಕೆಮಿಕಲ್ ಬಿಟ್ವಿ ಅಂತೇನೂ ಇಲ್ಲ. ರೆಕಾರ್ಡ್ ಬೀರುಗೆ ಗೆದ್ದಲು ಹಿಡಿದು ದಾಖಲಾತಿ ರಿಜಿಸ್ಟರ್ ಅಂಚು ತಿಂದಾಗ ದಸರಾ ರಜೇಲಿ ಮದ್ದು ಹೊಡೆಸಿದ್ವಿ, ಬೇರೆ ದಾರಿ ಇರ್ಲಿಲ್ಲ. ಆದ್ರೆ ಅಷ್ಟೊತ್ತಿಗೆ ಎಸ್‌ಡಿಎಂಸಿ ಠರಾವು ಇತ್ತು: ಮಕ್ಕಳಿರುವಾಗ ಹೊಡೆಯಂಗಿಲ್ಲ, ಡಬ್ಬದ ಮೇಲೆ ಕೆಂಪು ಇಲ್ಲಾ ಹಳದಿ ತ್ರಿಕೋನ (ಜಾಸ್ತಿ ವಿಷ ಅನ್ನೋ ಗುರುತು) ಇದ್ರೆ ಗೇಟ್ ಒಳಗೆ ಬರಂಗಿಲ್ಲ, ಏನು ಯಾವಾಗ ಎಲ್ಲಿ ಅಂತ ಒಂದು ದಿನ ಮುಂಚೆ ನೋಟಿಸ್ ಬೋರ್ಡಲ್ಲಿ ಬರೀಬೇಕು. ಬೋರ್ಡ್ ಐಡಿಯಾ ನಂದಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿಲೇ ಶಾಲೆಗಳಿಗೆ ಕಾನೂನು ಮಾಡಿದಾರೆ, ಹೊಡೆಯೋ 24 ಗಂಟೆ ಮುಂಚೆ ಬೋರ್ಡ್ ಹಾಕಿ, ಹೊಡೆದ ಮೇಲೆ 72 ಗಂಟೆ ಆಗೋವರೆಗೂ ತೆಗೆಯಂಗಿಲ್ಲ. ನಮ್ಮಲ್ಲೂ ಇಲಾಖೆಯಿಂದ ಹಿಂಗೊಂದು ಆರ್ಡರ್ ಬಂದ್ರೆ ಹೆಡ್ ಮಾಸ್ಟರ್ ಯಾರೇ ಬರ್ಲಿ ನಡೆಯುತ್ತೆ, ಈಗಿರೋದು ಒಬ್ಬನ ಹಠದ ಮೇಲೆ.

ಈ ಸಲದ ವರ್ಗಾವಣೇಲಿ ನಾನು ಬೇರೆ ಶಾಲೆಗೆ ಬಂದಿದೀನಿ. ಮೊದಲನೇ ದಿನ ಚಾರ್ಜ್ ತಗೊಂಡು ಸ್ಟೋರ್ ರೂಮ್ ಬಾಗಿಲ ಕೆಳಗೆ ಪೆನ್ಸಿಲ್ ಹಾಕಿ ನೋಡೋಣ ಅಂತ ಕೂತೆ, ಪೆನ್ಸಿಲ್ ಏನು, ನನ್ನ ಮೂರು ಬೆರಳು ಆರಾಮಾಗಿ ತೂರಿದ್ವು. ಟ್ರ್ಯಾಕ್ಟರ್ ಟ್ಯೂಬ್ ಯಾರತ್ರ ಇದೆ ಅಂತ ವಿಚಾರಿಸ್ತಾ ಇದೀನಿ.