ಟೈಮಿಂಗ್ ಚೈನ್ ಬಿಚ್ಚಿದ್ದಕ್ಕೆ ಆಯಿಲ್ ಪಂಪೂ ಬದಲಾಯಿತು

ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿನ 5.4 ಲೀಟರ್ ತ್ರೀ-ವಾಲ್ವ್ ಟ್ರೈಟನ್ ಎಂಜಿನ್ನಿನಲ್ಲಿ ಆಯಿಲ್ ಪಂಪ್ ಕೂತಿರುವುದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೂತಿಯಲ್ಲಿ, ಆ ತಿರುಗಾಟವನ್ನು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿಗೆ ಮುಟ್ಟಿಸುವ ಟೈಮಿಂಗ್ ಚೈನುಗಳ ಹಿಂದೆ. ಅಲ್ಲಿಗೆ ಕೈ ಹೋಗಬೇಕಾದರೆ ಫ್ಯಾನು, ಬೆಲ್ಟು, ಕ್ರ್ಯಾಂಕ್ ಪುಲ್ಲಿ, ಎರಡೂ ವಾಲ್ವ್ ಕವರು, ಮುಂದಿನ ದೊಡ್ಡ ಕವರು, ಕೊನೆಗೆ ಎರಡೂ ಚೈನು ಕಳಚಬೇಕು. ಪಂಪಿಗಾಗಿಯೇ ಇಷ್ಟೆಲ್ಲ ಬಿಚ್ಚುವವರು ಕಡಿಮೆ. ನಾನೂ ಬಿಚ್ಚಿದ್ದು ಚೈನ್ ಕೆಲಸಕ್ಕೆ. ಬಿಚ್ಚಿದ ಮೇಲೆ ಹಳೇ ಪಂಪನ್ನೇ ಇಟ್ಟು ಮುಚ್ಚಲು ಮನಸ್ಸಾಗಲಿಲ್ಲ. ಮೆಲ್ಲಿಂಗ್ ಕಂಪನಿಯ ಹೈ-ವಾಲ್ಯೂಮ್ ಪಂಪ್ ತರಿಸಿ ಹಾಕಿದೆ. ಈ ಎಂಜಿನ್ನಿನ ಕಟಕಟ ಸದ್ದಿಗೆ ದೊಡ್ಡ ಪಂಪೇ ಮದ್ದು ಎನ್ನುವವರಿದ್ದಾರೆ. ನನ್ನ ಗಾಡಿಯ ಸದ್ದು ಹೋದದ್ದು ಪಂಪಿನಿಂದ ಎಂದು ನಾನು ಹೇಳುವುದಿಲ್ಲ. ಪಂಪಿಗೆ ಸಿಕ್ಕಬೇಕಾದ್ದಕ್ಕಿಂತ ಹೆಚ್ಚು ಶ್ರೇಯಸ್ಸು ಸಿಗುತ್ತಿದೆ ಅನ್ನುವುದು ನನ್ನ ಅಭಿಪ್ರಾಯ.

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಡೀಸೆಲ್ ಗಾಡಿಯಂತೆ ಕಟಕಟ ಸದ್ದು ಬರುತ್ತಿತ್ತು. ತಣ್ಣಗಿರುವಾಗ ಇಲ್ಲ, ಓಡುವಾಗಲೂ ಇಲ್ಲ. ಸ್ಕ್ಯಾನರಿನಲ್ಲಿ ಪಿ0022 ಕೋಡು: ಎರಡನೇ ಬ್ಯಾಂಕಿನ (ಎಡಗಡೆ ಸಿಲಿಂಡರ್ ಸಾಲಿನ) ಕ್ಯಾಮ್ ಇರಬೇಕಾದ್ದಕ್ಕಿಂತ ಹಿಂದೆ ಉಳಿದಿದೆ ಎಂದು ಅರ್ಥ. ಈ ಎಂಜಿನ್ನಿನಲ್ಲಿ ಕ್ಯಾಮಿನ ತುದಿಗಿರುವ ಫೇಸರ್ ಆಯಿಲ್ ಒತ್ತಡದಿಂದಲೇ ತಿರುಗಿ ಟೈಮಿಂಗ್ ಹೊಂದಿಸುತ್ತದೆ. ಒತ್ತಡ ಸಾಲದಿದ್ದರೆ ಅದು ಒಂದೆಡೆ ನಿಲ್ಲದೆ ಹಿಂದೆ ಮುಂದೆ ಬಡಿಯುತ್ತದೆ.

ಒತ್ತಡ ಎಷ್ಟಿದೆ ಎಂದು ಡ್ಯಾಶ್‌ಬೋರ್ಡಿನ ಮುಳ್ಳನ್ನು ಕೇಳಿ ಪ್ರಯೋಜನವಿಲ್ಲ. ಅದರ ಹಿಂದಿರುವುದು ಬರೀ ಸ್ವಿಚ್ಚು. ತೀರಾ ಕಡಿಮೆಯೊಂದು ಮಟ್ಟ ದಾಟಿದರೆ ಸಾಕು, ಮುಳ್ಳು ನಡುವೆ ನಿಂತು ಎಲ್ಲ ಚೆನ್ನಾಗಿದೆ ಅನ್ನುತ್ತದೆ. ಆಯಿಲ್ ಫಿಲ್ಟರ್ ಹತ್ತಿರದ ಆ ಸ್ವಿಚ್ಚನ್ನು ತೆಗೆದು, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿದೆ. ತಣ್ಣಗಿದ್ದಾಗ ಒತ್ತಡ ಧಾರಾಳವಾಗಿತ್ತು. ಅರ್ಧ ಗಂಟೆ ಓಡಿಸಿ ಬಂದು ಐಡ್ಲಿಂಗಿಗೆ ಬಿಟ್ಟಾಗ 20 ಪಿಎಸ್‌ಐ ಕೆಳಗೆ ಇಳಿಯಿತು. ಈ ಅಳತೆ ಇಲ್ಲದೆ ಪಂಪಿಗೆ ದುಡ್ಡು ಹಾಕಬೇಡಿ. ಮೊದಲು ಎಷ್ಟಿತ್ತು ಎಂದು ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಬಂದರೂ ಅದಕ್ಕೆ ಅರ್ಥವಿಲ್ಲ.

ಕವರ್ ತೆಗೆದಾಗ ಆಯಿಲ್ ಎಲ್ಲಿ ಪೋಲಾಗುತ್ತಿತ್ತು ಎಂದು ಕಣ್ಣಿಗೇ ಕಂಡಿತು. ಎಡಗಡೆ ಚೈನನ್ನು ಬಿಗಿಯಾಗಿಡುವ ಟೆನ್ಷನರಿನ ಹಿಂದಿನ ಸೀಲು ಒಂದು ಪಕ್ಕಕ್ಕೆ ಕಿತ್ತು ಬಂದಿತ್ತು. ಟೆನ್ಷನರ್ ಕೂರುವುದು ಹೆಡ್ಡಿಗೆ, ಅಂದರೆ ಸಿಲಿಂಡರುಗಳ ಮೇಲಿನ ಭಾಗಕ್ಕೆ; ಅದಕ್ಕೆ ಆಯಿಲ್ ಹೆಡ್ಡಿನಿಂದಲೇ ಬರುತ್ತದೆ. ಸೀಲು ಹೋದರೆ ಫೇಸರಿಗೆ ಹೋಗಬೇಕಾದ ಆಯಿಲ್ ಅಲ್ಲೇ ಸೋರಿ ಚೇಂಬರಿಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ ಬೀಳುತ್ತದೆ. ಚೈನ್ ಸಡಿಲಾಗಿ, ಅದನ್ನು ದಾರಿಯಲ್ಲಿಡುವ ಪ್ಲಾಸ್ಟಿಕ್ ಗೈಡಿನ ತುದಿಯೂ ಮುರಿದಿತ್ತು. ಗಾಡಿ ನನ್ನ ಕೈಗೆ ಬರುವ ಮುಂಚೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿರಲಿಲ್ಲ ಎಂಬುದಕ್ಕೆ ಹೆಡ್ಡಿನ ಮೇಲೆ ಕೂತಿದ್ದ ಕಂದು ಜಿಡ್ಡೇ ಸಾಕ್ಷಿ.

ಇಲ್ಲಿ ಪಂಪಿನ ಲೆಕ್ಕ ಸ್ವಲ್ಪ ಹೇಳಬೇಕು. ಇದು ಜೀರೋಟರ್ ಪಂಪು, ಒಂದರೊಳಗೊಂದು ಹಲ್ಲಿನ ರೋಟರ್ ತಿರುಗುವಂಥದ್ದು. ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಇದೂ ಒಂದು ಸುತ್ತು, ಸುತ್ತಿಗೆ ಇಷ್ಟು ಆಯಿಲ್ ಎಂದು ತಳ್ಳುತ್ತದೆ. ಒತ್ತಡವನ್ನು ಪಂಪು ಹುಟ್ಟಿಸುವುದಿಲ್ಲ; ತಳ್ಳಿದ ಆಯಿಲಿಗೆ ಬೇರಿಂಗು, ಫೇಸರುಗಳ ಸಂದುಗಳು ಕೊಡುವ ತಡೆಯಿಂದ ಅದು ಹುಟ್ಟುತ್ತದೆ. ಹೈ-ವಾಲ್ಯೂಮ್ ಪಂಪಿನಲ್ಲಿ ರೋಟರ್ ದಪ್ಪ, ಸುತ್ತಿಗೆ ಹೆಚ್ಚು ಆಯಿಲ್. ಕ್ರ್ಯಾಂಕ್ ನಿಧಾನ ತಿರುಗಿ ಆಯಿಲ್ ಬಿಸಿಯಾಗಿ ತೆಳುವಾದಾಗ, ಅಂದರೆ ಬಿಸಿ ಐಡ್ಲಿಂಗಿನಲ್ಲಿ, ಇದರ ಗುಣ ಕಾಣುತ್ತದೆ. ಜೋರಾಗಿ ಓಡುವಾಗ ಹೆಚ್ಚಿನದನ್ನು ರಿಲೀಫ್ ವಾಲ್ವ್ ವಾಪಸ್ ಬಿಡುತ್ತದೆ, ಅಲ್ಲಿ ದೊಡ್ಡ ಲಾಭವಿಲ್ಲ. ಸೀಲು ಕಿತ್ತ ಟೆನ್ಷನರನ್ನು ಹಾಗೇ ಬಿಟ್ಟು ದೊಡ್ಡ ಪಂಪ್ ಹಾಕಿದರೆ ತೂತು ಬಿದ್ದ ಕೊಡಕ್ಕೆ ದೊಡ್ಡ ಚೆಂಬಿನಲ್ಲಿ ನೀರು ಹೊಯ್ದಂತೆ. ಹಾಗಾಗಿ ಮೊದಲು ಎರಕದ ಕಬ್ಬಿಣದ ಮೈಯ ಟೆನ್ಷನರ್, ಹೊಸ ಫೇಸರ್, ಚೈನು, ಗೈಡು, ಫೇಸರಿಗೆ ಆಯಿಲ್ ಬಿಡುವ ವಿಸಿಟಿ ಸೊಲೆನಾಯ್ಡ್. ಆಮೇಲೆ ಪಂಪು. ಗಟ್ಟಿ ಉಕ್ಕಿನಲ್ಲಿ ಕಡೆದ ದುಬಾರಿ ರೋಟರುಗಳೂ ಸಿಗುತ್ತವೆ. ಸೂಪರ್‌ಚಾರ್ಜರ್ ಹಾಕಿದವರಿಗೆ ಅವು ಬೇಕು, ಮಾಮೂಲಿ ಎಂಜಿನ್ನಿಗೆ ಬೇಡ.

ಚೈನ್ ಬಿಚ್ಚುವ ಮುಂಚೆ ಕ್ಯಾಮಿಗೂ ವಾಲ್ವಿಗೂ ನಡುವಿನ ರೋಲರ್ ಫಾಲೋವರುಗಳನ್ನು ಸ್ಪ್ರಿಂಗ್ ಒತ್ತುವ ಟೂಲಿನಿಂದ ತೆಗೆದುಬಿಟ್ಟೆ. ಇದು ವಾಲ್ವಿಗೆ ಪಿಸ್ಟನ್ ತಾಗುವ ಎಂಜಿನ್. ವಾಲ್ವ್ ಸ್ಪ್ರಿಂಗ್ ಒತ್ತಡದಲ್ಲಿರುವಾಗ ಚೈನ್ ಬಿಟ್ಟರೆ ಕ್ಯಾಮ್ ತಾನಾಗಿ ತಿರುಗಿ, ತೆರೆದ ವಾಲ್ವು ಪಿಸ್ಟನ್ನಿಗೆ ಬಡಿಯಬಹುದು.

ಪಂಪನ್ನು ಬ್ಲಾಕಿಗೆ ಹಿಡಿದಿರುವ ಬೋಲ್ಟುಗಳು ಬೇಗ ಬಂದವು. ಕಷ್ಟವಿರುವುದು ಕೆಳಗೆ. ಚೇಂಬರಿನೊಳಗಿಂದ ಆಯಿಲ್ ಹೀರುವ ಸ್ಟ್ರೈನರ್ (ಜಾಲರಿ) ಪೈಪು ಪಂಪಿಗೆ ಎರಡು ಸಣ್ಣ ಬೋಲ್ಟಿನಲ್ಲಿ ಕೂತಿರುತ್ತದೆ. ಚೇಂಬರನ್ನು ಸಡಿಲಿಸಿ ಸಂದಿನಲ್ಲೇ ಕೈ ತೂರಿಸಿ ಇದನ್ನು ಬಿಚ್ಚುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಗೈಡಿನ ಮುರಿದ ತುಂಡುಗಳು ಮತ್ತೆಲ್ಲಿಗೆ ಹೋಗಿರುತ್ತವೆ? ಎಂಜಿನ್ ಮೌಂಟಿನ ನಟ್ಟು ಬಿಚ್ಚಿ, ಮರದ ಹಲಗೆ ಇಟ್ಟು ಜಾಕಿನಿಂದ ಎಂಜಿನ್ ಸ್ವಲ್ಪ ಎತ್ತಿ, ಚೇಂಬರ್ ಪೂರ್ತಿ ಇಳಿಸಿದೆ. ಸ್ಟ್ರೈನರಿನ ಜಾಲರಿಗೆ ಪ್ಲಾಸ್ಟಿಕ್ ಚೂರುಗಳು ಅಂಟಿಕೊಂಡು ಅದರ ಬಾಯಿ ಅರ್ಧದಷ್ಟು ಮುಚ್ಚಿತ್ತು. ಹೊಸ ಪಂಪಿನ ಹೀರುವ ಬಲ ಜಾಸ್ತಿ, ಆ ಜಾಲರಿಯ ಮೇಲೇ ಅದನ್ನು ಕೂರಿಸಿದ್ದರೆ ಹಳೇದಕ್ಕಿಂತ ಮೊದಲೇ ಹಸಿದು ಸಾಯುತ್ತಿತ್ತು. ಪೈಪು ಸಮೇತ ಸ್ಟ್ರೈನರ್ ಹೊಸದು ಹಾಕಿದೆ, ತೊಳೆದು ಹಾಕುವ ಗೋಜಿಗೆ ಹೋಗಲಿಲ್ಲ. ಓ-ರಿಂಗೂ ಹೊಸದು. ಅದು ಒಂದಿಷ್ಟು ಸೀಳಿದ್ದರೂ ಪಂಪು ಆಯಿಲ್ ಜೊತೆ ಗಾಳಿ ಎಳೆಯುತ್ತದೆ. ಆಯಿಲ್ ಸವರಿ, ಕೈಯಲ್ಲೇ ಒತ್ತಿ ಕೂರಿಸಿ, ಆಮೇಲೆ ಬೋಲ್ಟು.

ಹೊಸ ಪಂಪನ್ನು ಡಬ್ಬಿಯಿಂದ ತೆಗೆದು ನೇರ ಹಾಕಲಿಲ್ಲ. ಕವರ್ ತೆಗೆದು, ರೋಟರಿನ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ಸಂದು ನೋಡಿದೆ, ಲೋಹದ ಚೂರಿದೆಯೇ ಎಂದು ಬೆರಳಾಡಿಸಿದೆ. ರೋಟರುಗಳಿಗೆ ಆಯಿಲ್ ತುಂಬಿಸಿ ಕವರ್ ಮುಚ್ಚಿದೆ. ಒಳ ರೋಟರಿನ ಎರಡು ಚಪ್ಪಟೆ ಮುಖಗಳು ಕ್ರ್ಯಾಂಕಿನ ಚಪ್ಪಟೆ ಮುಖಗಳಿಗೆ ಹೊಂದಬೇಕು. ಹೊಂದಿದಾಗ ಪಂಪು ಬ್ಲಾಕಿಗೆ ತಾನಾಗಿ ಕೂರುತ್ತದೆ. ಬೋಲ್ಟಿನಿಂದ ಎಳೆದು ಕೂರಿಸಬೇಕಾಗಿ ಬಂದರೆ ಹೊಂದಿಲ್ಲ ಎಂದೇ ಅರ್ಥ. ಬೋಲ್ಟುಗಳಿಗೆ 10 ನ್ಯೂಟನ್ ಮೀಟರ್ ಸಾಕು.

ಚೈನ್ ಕೂರಿಸುವಾಗ ಬಣ್ಣದ ಕೊಂಡಿಗಳು ಫೇಸರ್ ಮತ್ತು ಕ್ರ್ಯಾಂಕ್ ಗೇರಿನ ಗುರುತಿಗೆ ಹೊಂದಿರಬೇಕು. ಆಮೇಲೆ ಕೈಯಿಂದ ಎಂಜಿನ್ ಎರಡು ಸುತ್ತು ತಿರುಗಿಸಿ ನೋಡಿದರೆ ಕೊಂಡಿಗಳು ಗುರುತಿನ ಹತ್ತಿರವೂ ಇರುವುದಿಲ್ಲ. ಗಾಬರಿ ಬೇಡ, ಅವು ಮತ್ತೆ ಹೊಂದಲು ಬಹಳ ಸುತ್ತು ಬೇಕು. ಫೇಸರ್ ಬೋಲ್ಟು ಹೊಸದೇ ಆಗಬೇಕು: 40 ನ್ಯೂಟನ್ ಮೀಟರ್, ಮೇಲೆ 90 ಡಿಗ್ರಿ. ಕ್ರ್ಯಾಂಕ್ ಬೋಲ್ಟೂ ಹೊಸದು: 90 ನ್ಯೂಟನ್ ಮೀಟರಿಗೆ ಬಿಗಿದು, ಒಂದು ಸುತ್ತು ಸಡಿಲಿಸಿ, 50 ನ್ಯೂಟನ್ ಮೀಟರಿಗೆ ಬಿಗಿದು, ಮತ್ತೆ 90 ಡಿಗ್ರಿ. ಮುಂದಿನ ಕವರ್ ಕೂರಿಸುವಾಗ ಹೆಡ್ಡು ಬ್ಲಾಕು ಸೇರುವ ಕಡೆ, ಚೇಂಬರ್ ಸೇರುವ ಕಡೆ ಚುಕ್ಕೆ ಸಿಲಿಕೋನ್ ಹಾಕಿ, ಅದು ಒಣಗುವ ಮುಂಚೆ ಬಿಗಿದೆ.

5ಡಬ್ಲ್ಯೂ-20 ಆಯಿಲ್ 6.6 ಲೀಟರ್, ಫಿಲ್ಟರಿಗೂ ಮೊದಲೇ ತುಂಬಿಸಿದ್ದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿದರೆ ಇಂಜೆಕ್ಟರಿಗೆ ಪೆಟ್ರೋಲ್ ಹೋಗುವುದಿಲ್ಲ. ಮೆಕ್ಯಾನಿಕಲ್ ಗೇಜಿನ ಮುಳ್ಳು ಏಳುವವರೆಗೆ ಬಿಟ್ಟು ಬಿಟ್ಟು ಹಾಗೆ ತಿರುಗಿಸಿದೆ. ಆಮೇಲಷ್ಟೇ ಸ್ಟಾರ್ಟ್. ಅದೇ ದಾರಿಯಲ್ಲಿ ಅಷ್ಟೇ ದೂರ ಓಡಿಸಿ ಬಂದು ಐಡ್ಲಿಂಗಿಗೆ ಬಿಟ್ಟಾಗ ಮುಳ್ಳು 30 ದಾಟಿ ನಿಂತಿತ್ತು, ಕಟಕಟ ಇರಲಿಲ್ಲ. ಇದರಲ್ಲಿ ಟೆನ್ಷನರ್ ಸೀಲಿನ ಪಾಲೆಷ್ಟು, ಜಾಲರಿಯದೆಷ್ಟು, ಪಂಪಿನದೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸಿದರೆ ಪಂಪು ಮೊದಲ ಸ್ಥಾನದಲ್ಲಿ ನಿಲ್ಲಲಾರದು ಎಂದೇ ನನ್ನ ಅಂದಾಜು.

ಮೊದಲ ಆಯಿಲನ್ನು ಮಾಮೂಲಿ ಅವಧಿಗಿಂತ ಬೇಗ ಇಳಿಸಿ, ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿದೆ. ಗೈಡಿನ ಒಂದೆರಡು ಸಣ್ಣ ಚೂರು ಇನ್ನೂ ಬಂದಿದ್ದವು, ಲೋಹವಿರಲಿಲ್ಲ. ಗೇಜನ್ನು ಇನ್ನೂ ತೆಗೆದಿಲ್ಲ.