ಗೊತ್ತಿಲ್ಲದಾಗ ಏನು ಮಾಡಬೇಕು? ಕೋಟ್ಯಧಿಪತಿ ನೋಡುತ್ತಾ ನಾವು ಹಾಕಿದ ಲೆಕ್ಕಗಳು

ಟಿ.ವಿ. ಕ್ವಿಜ್ ನೋಡಿದವರು ಮರುದಿನ ಚರ್ಚಿಸುವುದು ಸಾಮಾನ್ಯವಾಗಿ ಸ್ಪರ್ಧಿಗೆ ಎಷ್ಟು ಗೊತ್ತಿತ್ತು ಎಂಬುದನ್ನು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ನಮ್ಮ ಊರಿನ ವಾಚನಾಲಯದಲ್ಲಿ ಸಂಜೆ ಸೇರುತ್ತಿದ್ದ ನಾವು ಕೆಲವರು ಮಾತ್ರ, ಉತ್ತರ ಗೊತ್ತಿಲ್ಲದ ಕ್ಷಣದಲ್ಲಿ ಸ್ಪರ್ಧಿ ಏನು ಮಾಡಿದರು, ಏನು ಮಾಡಬಹುದಿತ್ತು ಎಂಬುದನ್ನು ಬರೆದಿಡುವ ರೂಢಿ ಮಾಡಿಕೊಂಡೆವು. ಚಂದನ ವಾಹಿನಿಯಲ್ಲಿ 2002ರಿಂದ ಡಾ. ನಾ. ಸೋಮೇಶ್ವರರು ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’ಯನ್ನು ನಾವೆಲ್ಲ ಪ್ರೀತಿಯಿಂದ ನೋಡಿದವರೇ. ಆದರೆ ಅಲ್ಲಿನ ಬಹುಮಾನ ಪುಸ್ತಕ. ತಪ್ಪು ಹೇಳಿದರೆ ಮನೆಮಂದಿಯ ಭವಿಷ್ಯವೇನೂ ಕೈತಪ್ಪುವುದಿಲ್ಲ, ಹಾಗಾಗಿ ತಂತ್ರದ ಮಾತು ಅಲ್ಲಿ ಹುಟ್ಟುವುದೇ ಇಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಸುವರ್ಣ ವಾಹಿನಿಯಲ್ಲಿ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಡಲು ತೊಡಗಿದ ಮೇಲೆಯೇ ನಮ್ಮ ಪುಸ್ತಕದಲ್ಲಿ ‘ಲೈಫ್‌ಲೈನ್’ (ಉತ್ತರ ತಿಳಿಯದಾಗ ಸ್ಪರ್ಧಿ ಪಡೆಯಬಹುದಾದ ನೆರವು) ಎಂಬ ಕಲಮು ಸೇರಿದ್ದು.

ಕಲಮುಗಳು ಹೆಚ್ಚೇನೂ ಇರಲಿಲ್ಲ: ಪ್ರಶ್ನೆಯ ವಿಷಯ, ಮೊತ್ತ, ಬಳಸಿದ ಲೈಫ್‌ಲೈನ್, ಅದು ನೆರವಾಯಿತೇ ಇಲ್ಲವೇ, ಮತ್ತು ನಮ್ಮಲ್ಲಿ ಎಷ್ಟು ಮಂದಿಗೆ ಆ ಉತ್ತರ ಗೊತ್ತಿತ್ತು ಎಂಬುದು. ಈ ಕೊನೆಯ ಕಲಮು ಮೊದಲು ಬರೀ ತಮಾಷೆಗೆ ಹಾಕಿದ್ದಾದರೂ, ಪುಟಗಳು ತುಂಬುತ್ತಾ ಹೋದಂತೆ ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದಾಯಿತು. ವೈಕಂ ಸತ್ಯಾಗ್ರಹ 1924ರಲ್ಲಿ ಆರಂಭವಾಯಿತೆಂಬುದು ಕೇರಳದ ಪಠ್ಯವನ್ನು ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳ ನಾಲಗೆಯ ತುದಿಯಲ್ಲಿರುತ್ತದೆ, 1938ರ ಶಿವಪುರ ಧ್ವಜ ಸತ್ಯಾಗ್ರಹ ಎಂದರೆ ಮುಖ ಮುಖ ನೋಡುತ್ತಾರೆ. ಇಡುಕ್ಕಿ ಅಣೆಕಟ್ಟು ಪೆರಿಯಾರ್ ನದಿಗೆ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ, ಸೂಪಾ ಅಣೆಕಟ್ಟು ಕಾಳಿ ನದಿಗೆ ಎಂಬಲ್ಲಿ ತಡವರಿಸುತ್ತಾರೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ವಿಷಯ ಬಂದರೆ ನಮ್ಮಲ್ಲಿ ಚಹಾದ ಅಂಗಡಿಯವರೂ ಉತ್ತರ ಕೊಟ್ಟಾರು. ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತ ಪ್ರೇಕ್ಷಕರೆಲ್ಲರಿಗೂ ಅದು ಗೊತ್ತಿರಬೇಕೆಂದಿಲ್ಲ.

ನಮ್ಮ ತಂತ್ರವೆಲ್ಲ ಹೊರಟದ್ದು ಇಲ್ಲಿಂದ. ಕಾಸರಗೋಡಿನ ಕನ್ನಡಿಗನೊಬ್ಬ ಹಾಟ್ ಸೀಟಿನಲ್ಲಿ ಕುಳಿತರೆ ಅವನಿಗೆ ತಿಳಿಯದ್ದು ಬಹುಪಾಲು ಪ್ರೇಕ್ಷಕರಿಗೆ ತಿಳಿದಿರುತ್ತದೆ, ಪ್ರೇಕ್ಷಕರಿಗೆ ತಿಳಿಯದ್ದು ಅವನಿಗೆ ತಿಳಿದಿರುತ್ತದೆ. ಆದುದರಿಂದ ಪ್ರೇಕ್ಷಕರ ಮತದಾನವನ್ನು ಕನ್ನಡ ಸಿನಿಮಾ, ಕರ್ನಾಟಕದ ಜಿಲ್ಲೆ ತಾಲೂಕುಗಳು, ಅಲ್ಲಿನ ರಾಜಕಾರಣ ಇಂಥವಕ್ಕೆ ಉಳಿಸಿಕೊಳ್ಳಬೇಕೇ ಹೊರತು ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಪ್ರಶ್ನೆಗೆ ಖರ್ಚು ಮಾಡಬಾರದು. ಇದೇ ಆಟದ ಅಮೆರಿಕದ ಆವೃತ್ತಿಯ ಕುರಿತು ಬಹಳ ಕಡೆ ಉಲ್ಲೇಖವಾಗುವ ಒಂದು ಲೆಕ್ಕದ ಪ್ರಕಾರ ಪ್ರೇಕ್ಷಕರ ಬಹುಮತ ಶೇ. 91ರಷ್ಟು ಸಲ ಸರಿಯಾಗಿತ್ತು, ಫೋನಿನಲ್ಲಿ ಸಿಕ್ಕಿದ ಸ್ನೇಹಿತರು ಶೇ. 65ರಷ್ಟು ಸಲ. ಈ ಅಂಕಿಗಳನ್ನು ನಾನು ಪೂರ್ತಿ ಒಪ್ಪಿಕೊಳ್ಳಲಾರೆ. ಪ್ರೇಕ್ಷಕರನ್ನು ಕೇಳುವುದು ಸುಲಭದ ಪ್ರಶ್ನೆಗಳಿಗೆ, ಸ್ನೇಹಿತರನ್ನು ಕೇಳುವುದು ಕಷ್ಟದ ಪ್ರಶ್ನೆಗಳಿಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಸ್ನೇಹಿತರಿಗೆ ಅನ್ಯಾಯವಾಗುತ್ತದೆ.

ಫೋನ್ ಮಾಡಬಹುದಾದ ಸ್ನೇಹಿತರ ಆಯ್ಕೆಯಲ್ಲಂತೂ ನಮ್ಮಲ್ಲಿ ದೊಡ್ಡ ಜಗಳವೇ ಆಗಿತ್ತು. ಪದವಿ ಓದುತ್ತಿದ್ದ ಹುಡುಗಿಯೊಬ್ಬಳು ಆಯ್ಕೆಯ ಸುತ್ತಿಗೆ ಪ್ರಯತ್ನಿಸುತ್ತಿದ್ದಾಗ, ಅವಳ ಪಟ್ಟಿಯಲ್ಲಿ ತಮ್ಮ ಹೆಸರು ಇರಲೇಬೇಕೆಂದು ಅವಳಿಗೆ ಕಲಿಸಿದ ಮಾಸ್ಟ್ರಿಗೆ ಖಚಿತವಿತ್ತು. ಅವಳು ವಿನಯದಿಂದಲೇ ಹೇಳಿದಳು: “ಮಾಸ್ಟ್ರೇ, ನಿಮಗೆ ಗೊತ್ತಿರುವುದನ್ನೆಲ್ಲ ನೀವು ನನಗೆ ಕಲಿಸಿದ್ದೀರಿ. ನನಗೆ ಗೊತ್ತಿಲ್ಲದ್ದು ಬಂದರೆ ನಿಮಗೆ ಫೋನ್ ಮಾಡಿ ಏನು ಪ್ರಯೋಜನ?” ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾವೇ ಧಾರವಾಡದಲ್ಲಿರುವ ತಮ್ಮ ಭಾವನ ನಂಬರನ್ನು ಬರೆದುಕೊಟ್ಟರು. ಒಂದೇ ಊರಿನಲ್ಲಿ, ಒಂದೇ ಶಾಲೆಯಲ್ಲಿ, ಒಂದೇ ಪತ್ರಿಕೆ ಓದಿ ಬೆಳೆದವರ ಅಜ್ಞಾನವೂ ಒಂದೇ ಬಗೆಯದು ಎಂಬುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ನಮಗೆ ಹೇಳಿರಲಿಲ್ಲ.

ಫೋನಿನ ಅವಧಿ 30 ಸೆಕೆಂಡು. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಅಭ್ಯಾಸ ಮಾಡಿದಾಗ, ಪ್ರಶ್ನೆ ಮತ್ತು ನಾಲ್ಕು ಆಯ್ಕೆಗಳನ್ನು ಸ್ಪಷ್ಟವಾಗಿ ಓದುವುದಕ್ಕೇ ಅರ್ಧದಷ್ಟು ಸಮಯ ಹೋಗುವುದನ್ನು ಕಂಡೆವು. ಕ್ಷೇಮಸಮಾಚಾರ ಬೇಡ, ಪ್ರಶ್ನೆಯಲ್ಲಿ ಮುಖ್ಯವಾದ ಪದವನ್ನು ಮೊದಲು ಹೇಳಬೇಕು, ಫೋನ್ ಎತ್ತಿದವರು ಉತ್ತರದ ಜೊತೆಗೆ ತಮಗೆ ಎಷ್ಟು ಖಚಿತ ಎಂಬುದನ್ನು ಶೇಕಡಾವಾರು ಹೇಳಬೇಕು. “ಬಿ ಇರಬೇಕು ಅಂತ ಕಾಣ್ತದೆ” ಎಂಬ ಮಾತಿನಿಂದ ಸ್ಪರ್ಧಿಯ ಗೊಂದಲ ಹೆಚ್ಚುತ್ತದೆ. “ಬಿ, ಎಂಬತ್ತು” ಎಂದರೆ ಅವರು ನಿರ್ಧಾರ ಮಾಡಬಲ್ಲರು.

ನಾಲ್ಕು ಆಯ್ಕೆಗಳಲ್ಲಿ ಎರಡು ತಪ್ಪು ಉತ್ತರಗಳನ್ನು ತೆಗೆದುಹಾಕುವ ಫಿಫ್ಟಿ-ಫಿಫ್ಟಿಯ ಬಗ್ಗೆ ನಮ್ಮೊಳಗೆ ಬಲವಾಗಿ ಬೇರೂರಿದ್ದ ನಂಬಿಕೆಯೊಂದನ್ನು ಲೆಕ್ಕ ಅಲುಗಾಡಿಸಿತು. ಎರಡು ಆಯ್ಕೆಗಳ ನಡುವೆ ಮೊದಲೇ ತೂಗಾಡುತ್ತಿರುವವರಿಗೆ ಅದರಿಂದ ಲಾಭವಿಲ್ಲ, ಆ ಎರಡೇ ಉಳಿಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಸರಿಯುತ್ತರ ಆ ಎರಡರೊಳಗೇ ಇದ್ದು, ತೆಗೆಯುವ ತಪ್ಪು ಉತ್ತರಗಳನ್ನು ಕಂಪ್ಯೂಟರ್ ಯಾವ ಪಕ್ಷಪಾತವೂ ಇಲ್ಲದೆ ಆರಿಸುವುದಾದರೆ, ಮೂರು ತಪ್ಪು ಉತ್ತರಗಳಲ್ಲಿ ಒಂದಷ್ಟೇ ಉಳಿಯುವುದರಿಂದ ನಮ್ಮನ್ನು ಕಾಡುತ್ತಿರುವುದೇ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು ಮಾತ್ರ. ಉಳಿದ ಎರಡು ಸಲ ಉತ್ತರ ತಾನಾಗಿಯೇ ಬಯಲಾಗುತ್ತದೆ. ಆಯ್ಕೆ ಪಕ್ಷಪಾತವಿಲ್ಲದ್ದೇ ಎಂಬ ಅನುಮಾನ ಮಾತ್ರ ನಮ್ಮ ಗುಂಪಿನಲ್ಲಿ ಈಗಲೂ ಹೋಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಂಜೆಗಳನ್ನು ತಿಂದದ್ದು ಆಟ ಬಿಟ್ಟು ಏಳುವ ಪ್ರಶ್ನೆ. ಇದಕ್ಕೆ ನಾವು ಬಳಸಿದ್ದು 2000ರಲ್ಲಿ ಆರಂಭವಾದ ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ಯ ಮೊದಲ ಆವೃತ್ತಿಯ ಮೊತ್ತಗಳನ್ನು; ಮುಂದೆ ಮೊತ್ತಗಳು ಬದಲಾದರೂ ಲೆಕ್ಕದ ಕ್ರಮ ಬದಲಾಗುವುದಿಲ್ಲ. ಅಲ್ಲಿ 10,000 ಮತ್ತು 3,20,000 ರೂಪಾಯಿಗಳು ಕೈಬಿಡದ ಮೆಟ್ಟಿಲುಗಳು, ಅಂದರೆ ಅಲ್ಲಿಗೆ ತಲುಪಿದ ಮೇಲೆ ಉತ್ತರ ತಪ್ಪಿದರೂ ಆ ಮೊತ್ತ ಕೈಯಲ್ಲಿ ಉಳಿಯುತ್ತದೆ. 3,20,000ದಲ್ಲಿ ನಿಂತವರು ಮುಂದಿನ ಪ್ರಶ್ನೆಗೆ ಏನೂ ತಿಳಿಯದಿದ್ದರೂ ಉತ್ತರಿಸಲೇಬೇಕು, ಏಕೆಂದರೆ ಕಳೆದುಕೊಳ್ಳುವುದು ಏನೂ ಇಲ್ಲ. 6,40,000ದಲ್ಲಿ ನಿಂತು 12,50,000ದ ಪ್ರಶ್ನೆ ಎದುರಿಸುವವರಿಗೆ ಶೇ. 34ರಷ್ಟು ಖಚಿತತೆ ಸಾಕು, ಅಂದರೆ ಎರಡು ಆಯ್ಕೆಗಳಿಗೆ ಇಳಿದಿದ್ದರೆ ಧೈರ್ಯ ಮಾಡಬಹುದು. 25 ಲಕ್ಷದಿಂದ 50 ಲಕ್ಷಕ್ಕೆ ಹೋಗುವಾಗ ಅದು ಸುಮಾರು ಶೇ. 47ಕ್ಕೆ ಏರುತ್ತದೆ. ಸರಿ ತಪ್ಪು ಸಮಸಮ ಎಂದಿದ್ದರೆ ಉತ್ತರಿಸುವುದರಿಂದ ಸರಾಸರಿ ಲಾಭ 1,60,000 ರೂಪಾಯಿ, ತಪ್ಪಿದರೆ ನಷ್ಟ 21,80,000.

ಲೆಕ್ಕದ ಪ್ರಕಾರ ಉತ್ತರಿಸಬೇಕು ಎಂದು ಬ್ಯಾಂಕಿನಲ್ಲಿದ್ದ ನಾನು ವಾದಿಸಿದೆ. ನಮ್ಮ ಗುಂಪಿನ ಅಡಿಕೆ ತೋಟದ ಭಾವ ಒಪ್ಪಲಿಲ್ಲ: “ಸರಾಸರಿ ಎಂಬುದು ನೂರು ಸಲ ಆ ಕುರ್ಚಿಯಲ್ಲಿ ಕೂತವನಿಗೆ. ನಮ್ಮಂಥವರಿಗೆ ಕೂರಲಿಕ್ಕೆ ಸಿಗುವುದು ಒಂದೇ ಸಲ, ಅದೂ ಸಿಕ್ಕಿದರೆ.” ಕೊನೆಗೆ ನಾವು ಆ ಹುಡುಗಿಗೆ ಹೇಳಿದ್ದು ಇಷ್ಟು: 12,50,000 ದಾಟುವವರೆಗೆ ಲೆಕ್ಕವನ್ನು ನಂಬು, ಅದರಾಚೆಗೆ ಎಷ್ಟು ಖಚಿತವಿದ್ದರೆ ಉತ್ತರಿಸುವೆ ಎಂಬ ಅಂಕಿಯನ್ನು ಊರು ಬಿಡುವ ಮೊದಲು, ಮನೆಯವರ ಎದುರಿನಲ್ಲೇ ಗೊತ್ತುಮಾಡಿಕೋ. ಅವಳು ಚೀಟಿಯಲ್ಲಿ 70 ಎಂದು ಬರೆದಳು. ನಾನು 60 ಸಾಕು ಎಂದೆ, ಭಾವ 90 ಎಂದರು.